ಗೋಲಿನ ಕಡೆ ನೋಡದ ಕೆಲೆಪಿ

ದ್ವೀಪನಾಡಿನ ನುಕುಅಲೋಫಾ ಬಂದರಿನಲ್ಲಿ ದೋಣಿ ಎಂಜಿನ್ ರಿಪೇರಿ ಮಾಡುವ ಕೆಲೆಪಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಎಂಜಿನ್ ಸ್ಟಾರ್ಟ್ ಆಗದಿದ್ದರೆ ಮೊದಲು ಎಂಜಿನ್ನಿಗೆ ಬೈಯುವನು, ಆಮೇಲೆ ಅದನ್ನು ಹೊತ್ತು ತಂದವನಿಗೆ. "ಉಪ್ಪುನೀರಲ್ಲಿ ಓಡಿಸ್ತೀಯ, ಸಿಹಿನೀರಲ್ಲಿ ಒಂದು ಸಲ ತೊಳೆಯೋಕೆ ನಿಂಗೇನು ಬಂದಿದೆ ರೋಗ?" ಎಂದು ಸ್ಪ್ಯಾನರ್ ಎತ್ತಿ ಕೇಳುವನು. ಆದರೂ ಜನ ಅವನ ಹತ್ತಿರವೇ ಬರುತ್ತಿದ್ದರು. ಬೈಗುಳ ತಿಂದ ಎಂಜಿನ್ ಮತ್ತೆ ಆರು ತಿಂಗಳು ಕೆಡುವುದಿಲ್ಲ ಅಂತ ಬಂದರಿನಲ್ಲಿ ಒಂದು ಮಾತಿತ್ತು.

ವಯಸ್ಸಿನಲ್ಲಿ ಅವನು ಒಳ್ಳೆಯ ಫುಟ್‌ಬಾಲ್ ಆಟಗಾರ. ಎಲ್ಲರೂ ರಗ್ಬಿ ರಗ್ಬಿ ಎಂದು ಸಾಯುವ ಊರಿನಲ್ಲಿ ದುಂಡು ಚೆಂಡಿನ ಹಿಂದೆ ಓಡಿದ ನಾಲ್ಕು ಮಂದಿಯಲ್ಲಿ ಒಬ್ಬ. ಮಂಡಿ ಕೆಟ್ಟ ಮೇಲೆ ಬಿಟ್ಟಿದ್ದ. ಎರಡು ಸಾವಿರದ ಮೂರರಲ್ಲಿ ನೆರೆಯ ದ್ವೀಪದೇಶದ ಸುವಾದಲ್ಲಿ ನಡೆಯುವ ಕ್ರೀಡಾಕೂಟದಲ್ಲಿ ಮೊದಲ ಬಾರಿಗೆ ಹೆಂಗಸರ ಫುಟ್‌ಬಾಲೂ ಇರುತ್ತದೆ ಎಂದು ಸುದ್ದಿ ಬಂದಾಗ ದೊಡ್ಡ ಮನುಷ್ಯರಿಗೆ ನಗುವೋ ನಗು. ನಕ್ಕು ಮುಗಿದ ಮೇಲೆ, ತಂಡ ಕಳಿಸದಿದ್ದರೆ ಮರ್ಯಾದೆ ಹೋಗುತ್ತದಲ್ಲ ಎಂದು ನೆನಪಾಯಿತು. ಕಲಿಸಲು ಯಾರೂ ಮುಂದೆ ಬರಲಿಲ್ಲ. ಕೆಲೆಪಿಯ ಕೈಗೆ ಒಂದು ಪೀಪಿ ಕೊಟ್ಟರು, ಅವನು ಗೊಣಗಿಕೊಂಡು ತೆಗೆದುಕೊಂಡ.

ಮಾರನೆಯ ದಿನ ಹುಡುಗಿಯರ ಪಟ್ಟಿ ಕೈಗೆ ಬಂತು. ಮೇಲಿಂದ ಓದಿಕೊಂಡು ಬಂದ, ಐದನೆಯ ಹೆಸರಿಗೆ ನಿಂತ. ಪಿಸಿಲಾ. ಅವನ ಒಡಹುಟ್ಟಿದ ತಂಗಿ. ಪಟ್ಟಿ ಮಡಚಿದ, ಪೀಪಿ ಅದರೊಳಗೆ ಸುತ್ತಿದ, ವಾಪಸ್ ಕೊಟ್ಟು ಬರಲು ನೇರ ಹೊರಟ.

ಪಿಸಿಲಾ ಅವನಿಗಿಂತ ನಾಲ್ಕು ವರ್ಷ ಚಿಕ್ಕವಳು. ಹಾಗಂತ ಕೆಳಗಿನವಳಲ್ಲ. ಅಲ್ಲಿ ತಂಗಿಯಾದರೂ ಸರಿ, ಅಕ್ಕನಾದರೂ ಸರಿ, ಒಡಹುಟ್ಟಿದ ಹೆಣ್ಣು ಗಂಡಿಗಿಂತ ಒಂದು ಮೆಟ್ಟಿಲು ಮೇಲೆ. ಅವನಿಗೆ ಹತ್ತು ವರ್ಷ ತುಂಬಿದ ಮೇಲೆ ಇಬ್ಬರೂ ಒಂದೇ ಸೂರಿನಡಿ ಮಲಗಿದವರಲ್ಲ, ಒಂದೇ ಚಾಪೆಯ ಮೇಲೆ ಕೂತವರಲ್ಲ. ಅವಳಿದ್ದ ಕಡೆ ಯಾರಾದರೂ ಪೋಲಿ ಮಾತು ಆಡಿದರೆ ಕೆಲೆಪಿ ಎದ್ದು ಹೋಗಬೇಕು, ಇಲ್ಲ ಆಡಿದವನ ಹಲ್ಲು ಉದುರಿಸಬೇಕು. ಎರಡನ್ನೂ ಮಾಡಿದ್ದ.

ಅವನು ಹೋಗುತ್ತಿದ್ದ ಸುದ್ದಿ ಅವನಿಗಿಂತ ಮೊದಲೇ ವಿಕಾ ಅತ್ತೆಗೆ ಮುಟ್ಟಿತು. ಅತ್ತೆ ಅಂದರೆ ಅವರಪ್ಪನ ಅಕ್ಕ. ಚಾಪೆ ಹೆಣೆಯುತ್ತಿದ್ದ ಹೆಂಗಸರ ನಡುವೆ ಕೂತಿದ್ದವಳು ದಾರಿಯಲ್ಲಿ ಹೋಗುತ್ತಿದ್ದವನನ್ನು ಕೈ ಸನ್ನೆ ಮಾಡಿ ಕರೆದಳು.

"ಪೀಪಿ ವಾಪಸ್ ಕೊಡೋಕೆ ಹೊರಟ್ಯಂತೆ?"

"ಹೌದತ್ತೆ. ತಂಡದಲ್ಲಿ ಪಿಸಿಲಾ ಇದಾಳೆ. ಅವಳೆದುರಿಗೆ ನಾನು ಬಾಯಿ ಬಿಡೋದು ಹೇಗೆ? ನನ್ನ ಬಾಯಿ ಎಂಥದ್ದು ಅಂತ ನಿಮಗೆ ಗೊತ್ತಲ್ಲ."

"ಗೊತ್ತು. ಮೀನು ಮಾರೋರೂ ಕಿವಿ ಮುಚ್ಕೋತಾರೆ. ಅವಳಿದ್ರೆ ನಿನ್ನ ಬಾಯಿ ಒಂದಿಷ್ಟು ತೊಳೆದಂಗಾಗುತ್ತೆ ಬಿಡು."

ಹೆಂಗಸರೆಲ್ಲ ಚಾಪೆಗೆ ಮುಖ ಹಾಕಿಕೊಂಡು ನಕ್ಕರು.

"ಕೇಳು," ಎಂದಳು ಅತ್ತೆ. "ಅವಳು ಗೋಲಿನಲ್ಲಿ ನಿಲ್ಲಲಿ. ಗೋಲಿನವರಿಗೆ ಉದ್ದ ಪ್ಯಾಂಟು ಹಾಕೋಕೆ ಬಿಡ್ತಾರಂತೆ. ನೀನು ಹೇಳೋದೆಲ್ಲ ತಂಡದ ಆ ಹುಡುಗಿ ಲೋಸೆ ಕೈಲಿ ಹೇಳಿಸು. ನೀನು ಚೆಂಡು ನೋಡು, ಅವಳೂ ಚೆಂಡು ನೋಡ್ಲಿ. ಒಬ್ಬರನ್ನೊಬ್ಬರು ನೋಡೋ ಕೆಲಸ ಏನಿದೆ ಅದ್ರಲ್ಲಿ?"

ಅಪ್ಪನ ಅಕ್ಕ ಬಾಯಿ ಬಿಟ್ಟ ಮೇಲೆ ಅಪ್ಪನೇ ಎದುರಾಡುವಂತಿಲ್ಲ, ಇನ್ನು ಮಗನೇನು ಆಡುತ್ತಾನೆ? ಕೆಲೆಪಿ ಪೀಪಿ ಕೊರಳಿಗೆ ಹಾಕಿಕೊಂಡು ಬಂದ ದಾರಿಯಲ್ಲೇ ತಿರುಗಿದ.

ಅಭ್ಯಾಸ ಶುರುವಾಯಿತು. ಮರದ ಸುತ್ತಿಗೆಯಲ್ಲಿ ತೊಗಟೆ ಬಡಿದು ಬಟ್ಟೆ ಮಾಡುವ ಕೆಲಸ ಪಿಸಿಲಾಳದು, ತೋಳು ಗಟ್ಟಿ. ಹಲಸಿನಕಾಯಿ ಹಿಡಿದಂತೆ ಚೆಂಡು ಹಿಡಿಯುವಳು. ತಂಡದ ನಾಯಕಿ ಲೋಸೆ ಅಣ್ಣ ತಂಗಿಯರ ನಡುವಿನ ಬಾಯಿ. ಕೆಲೆಪಿ ಅಂಚಿನಲ್ಲಿ ನಿಂತು, "ಲೋಸೆ, ಅವರಿಗೆ ಹೇಳು, ಎರಡು ಹೆಜ್ಜೆ ಮುಂದೆ ಬಂದು ನಿಂತ್ಕೊಂಡ್ರೆ ಚೆನ್ನಾಗಿರುತ್ತೆ ಅಂತ," ಎನ್ನುವನು. ಅದೇ ಉಸಿರಿನಲ್ಲಿ ಇನ್ನೊಬ್ಬಳಿಗೆ, "ಏಯ್, ಎಮ್ಮೆ! ಅಲ್ಲೇನು ಮೇಯ್ತಿದೀಯ? ಓಡು!" ಎನ್ನುವನು. ಎಮ್ಮೆಗಿಂತ ದೊಡ್ಡ ಬೈಗುಳ ಬಾಯಿಗೆ ಬಂದಾಗ ಗೋಲಿನ ಕಡೆ ತಂಗಿ ಇದ್ದಾಳೆಂಬುದು ನೆನಪಾಗಿ, ಬಿಸಿ ಗೆಣಸು ನುಂಗಿದವನಂತೆ ಕಣ್ಣಲ್ಲಿ ನೀರು ತಂದುಕೊಳ್ಳುವನು.

ಹುಡುಗಿಯರಿಗೆ ಇದೇ ಮೋಜು. "ಪಿಸಿಲಕ್ಕಾ, ಇಲ್ಲೇ ಹತ್ತಿರ ಬಂದು ನಿಂತ್ಕೊಳ್ಳೇ, ಇವತ್ತು ಅಣ್ಣನ ಬಾಯಿ ಬಿಸಿಯಾಗಿದೆ" ಎಂದು ಕರೆಯುವರು.

ಆದರೆ ಒಂದು ಸಂಗತಿಗೆ ಯಾರೂ ಗಮನ ಕೊಡಲಿಲ್ಲ. ಚೆಂಡು ಗೋಲಿನ ಹತ್ತಿರ ಹೋದೊಡನೆ ಕೆಲೆಪಿ ತನ್ನ ಬೂಟು ನೋಡುತ್ತಿದ್ದ. ತಂಗಿ ಹಾರುವುದು, ನೆಲಕ್ಕೆ ಬೀಳುವುದು, ಕಾಲು ಚಾಚುವುದು, ಇದನ್ನೆಲ್ಲ ಅಣ್ಣನಾದವನು ಕಣ್ಣಿಟ್ಟು ನೋಡುವುದುಂಟೆ? ಕಿವಿಯಲ್ಲೇ ತಿಳಿದುಕೊಳ್ಳುವನು. ಧಪ್ ಅಂದರೆ ಕೈಗೆ ಸಿಕ್ಕಿತು, ಸರ್ ಅಂದರೆ ಬಲೆಗೆ ಹೋಯಿತು. ನಾಲ್ಕು ತಿಂಗಳು ಕಲಿಸಿದವನು ತನ್ನ ಗೋಲ್‌ಕೀಪರ್ ಯಾವ ಕಾಲಲ್ಲಿ ನೆಗೆಯುತ್ತಾಳೆ ಅಂತ ಒಂದು ದಿನವೂ ಕಂಡಿರಲಿಲ್ಲ.

ಸುವಾದಲ್ಲಿ ಒಂದು ಶಾಲೆಯ ಕೊಠಡಿಗಳಲ್ಲಿ ಅವರನ್ನು ಇಳಿಸಿದರು. ಮ್ಯಾನೇಜರ್ ಅನ್ನಿಸಿಕೊಂಡವನು ಮೊದಲ ದಿನ ಕೈಕುಲುಕಿ ಹೋದವನು ಮತ್ತೆ ಮುಖ ತೋರಿಸಲಿಲ್ಲ, ರಗ್ಬಿ ತಂಡದ ಬಾಲ ಹಿಡಿದುಕೊಂಡು ತಿರುಗುತ್ತಿದ್ದ. ಹೆಣ್ಣುಮಕ್ಕಳಿಗೆ ಒಬ್ಬ ನರ್ಸನ್ನಾದರೂ ಕಳಿಸಬೇಕೆಂದು ಯಾವ ಪುಣ್ಯಾತ್ಮನಿಗೂ ಹೊಳೆದಿರಲಿಲ್ಲ. ಮೊದಲ ಪಂದ್ಯ ಗೆದ್ದರು. ಎರಡನೆಯದು ಶುಕ್ರವಾರ, ಜಿಟಿಜಿಟಿ ಮಳೆಯಲ್ಲಿ.

ಆ ಪಂದ್ಯ ಮುಗಿಯುವ ಹೊತ್ತಿಗೆ ಪಿಸಿಲಾ ಕೆಸರಿನಲ್ಲಿ ಕಾಲು ಚಾಚಿ ಒಂದು ಚೆಂಡು ತಡೆದಳು. ತೊಡೆಯ ಒಳಗೆ ಏನೋ ಹಳೆ ಬಟ್ಟೆ ಹರಿದಂತೆ ಹರಿಯಿತು. ಹಲ್ಲು ಕಚ್ಚಿ ಎದ್ದಳು. ಸಂಜೆ ಕೊಠಡಿಯ ಬಾಗಿಲು ಹಾಕಿಕೊಂಡು ಹುಡುಗಿಯರು ಕೊಬ್ಬರಿ ಎಣ್ಣೆ ನೀವಿ, ಸೀಳಿದ ಹೊದಿಕೆಯಲ್ಲಿ ಬಿಗಿಯಾಗಿ ಕಟ್ಟಿದರು. ಮೊಣಕಾಲಿನಿಂದ ಮೇಲಕ್ಕೆ ನೇರಳೆ ಬಣ್ಣ ಏರಿತ್ತು.

"ಅಣ್ಣನಿಗೆ ಹೇಳ್ಬೇಕು," ಎಂದಳು ಲೋಸೆ.

"ಏನಂತ ಹೇಳ್ತೀಯ?" ಎಂದಳು ಪಿಸಿಲಾ. "ನಿಮ್ಮ ತಂಗಿಯ ತೊಡೆ ಹರಿದಿದೆ ಅಂತ ಅವನ ಮುಖ ನೋಡಿ ಹೇಳ್ತೀಯಾ? ಹೇಳಿ ಬಾ, ನೋಡೋಣ."

ಹೆಣ್ಣಿನ ಮೈಯ ಮಾತನ್ನು ಅವಳ ಅಣ್ಣನ ಕಿವಿಗೆ ಹಾಕುವುದೆಂದರೆ ಚರ್ಚಿನಲ್ಲಿ ಉಗುಳಿದ ಹಾಗೆ. ಕೈ ಮುರಿದಿದ್ದರೆ ಹೇಳಬಹುದಿತ್ತು, ಕಾಲಿನ ಬೆರಳಾಗಿದ್ದರೂ ಹೇಳಬಹುದಿತ್ತು.

"ಬೇರೆ ಏನಾದ್ರೂ ಹೇಳಿ ಕೂರಿಸ್ಲಾ?"

"ಕೂರಿಸಿದ್ರೆ ನಿಂಗೂ ನಂಗೂ ಮಾತಿಲ್ಲ. ಸೋಮವಾರದ್ದು ಗೆದ್ರೆ ಕಂಚು. ಮೂವತ್ತೆರಡು ವರ್ಷ ನಂಗೆ. ಇನ್ನೊಂದು ಕೂಟ ಬರೋ ಹೊತ್ತಿಗೆ ನನ್ನನ್ನ ಯಾರು ಕರೀತಾರೆ?"

ಕೆಲೆಪಿಗೆ ಇದೊಂದೂ ಗೊತ್ತಿರಲಿಲ್ಲ. ಶನಿವಾರದ ಅಭ್ಯಾಸದಲ್ಲಿ ಗೋಲಿನಿಂದ ಚೆಂಡು ಒದೆಯುವವಳು ಬೇರೊಬ್ಬಳಾಗಿದ್ದಳು. ಅದೊಂದು ಅವನ ಕಣ್ಣಿಗೆ ಬಿತ್ತು.

"ಲೋಸೆ, ಅವರು ಯಾಕೆ ಒದೀತಿಲ್ಲ?"

"ಗಾಳಿ ಅಣ್ಣ."

"ಯಾವ ಗಾಳಿನೇ? ಎಲೆ ಅಲ್ಲಾಡ್ತಿಲ್ಲ. ಅವರಿಗೆ ಹುಷಾರಿಲ್ವಾ?"

ಲೋಸೆ ಸುತ್ತ ನೋಡಿದಳು. ಹೇಳಿಬಿಡಲೇ ಎಂದು ನಾಲಿಗೆ ತುದಿಗೆ ಬಂತು. "ಅದು... ಹೆಂಗಸರ ವಿಷಯ ಅಣ್ಣ," ಎಂದುಬಿಟ್ಟಳು.

ಕೆಲೆಪಿಯ ಕಿವಿ ಕೆಂಪಾಯಿತು. ತಿಂಗಳ ನೋವೇ ಇರಬೇಕು ಎಂದುಕೊಂಡ. ಕೇಳಬಾರದ್ದು ಕೇಳಿಬಿಟ್ಟೆನಲ್ಲಾ ಎಂದು ಮೈದಾನದ ಇನ್ನೊಂದು ತುದಿಗೆ ಹೋಗಿ, ಅಲ್ಲಿ ಬೂಟಿನ ದಾರ ಕಟ್ಟುತ್ತಿದ್ದ ಎಳೆಯ ಗೋಲ್‌ಕೀಪರ್ ಟೋಕಿಯನ್ನು ಸುಮ್ಮಸುಮ್ಮನೆ ಬೈದ. ಭಾನುವಾರ ಆಟವಿಲ್ಲ, ಕೆಲಸವಿಲ್ಲ, ಸುವಾದಲ್ಲಿದ್ದ ಅವರ ನಾಡಿನವರ ಚರ್ಚಿನಲ್ಲಿ ಪ್ರಾರ್ಥನೆ. ಪಿಸಿಲಾ ಮಂಡಿಯೂರಲಾರದೆ ಹಿಂದಿನ ಬೆಂಚಿನಲ್ಲಿ ಹಾಗೇ ಕೂತಿದ್ದಳು. ಗಂಡಸರ ಸಾಲಿನಲ್ಲಿ ಮುಂದೆ ಕೂತ ಕೆಲೆಪಿ ಹಿಂತಿರುಗಿ ನೋಡಲಿಲ್ಲ.

ಸೋಮವಾರ. ಎದುರಾಳಿಗಳು ಹಳದಿ ಅಂಗಿಯವರು, ದೊಡ್ಡ ದ್ವೀಪದ ಗಟ್ಟಿ ಹುಡುಗಿಯರು. ಸುವಾದಲ್ಲಿ ನೆಲೆಸಿದ ಅವರ ನಾಡಿನ ಜನ ಕೆಂಪು ಬಾವುಟ ಹಿಡಿದು, ಮರ್ಯಾದೆಯ ಉಡುಗೆಯಾಗಿ ಸೊಂಟಕ್ಕೆ ಚಾಪೆ ಸುತ್ತಿಕೊಂಡು, ತಗಡಿನ ಡಬ್ಬ ಬಡಿಯುತ್ತ ಬಂದು ಗೋಲಿನ ಹಿಂದೆಯೇ ಕೂತರು. ಅರ್ಧ ಆಟದ ಹೊತ್ತಿಗೆ ಲೋಸೆ ಒಂದು ಗೋಲು ಹೊಡೆದಿದ್ದಳು. ಕಂಚು ಕೈಗೆ ಎಟುಕುವಷ್ಟು ಹತ್ತಿರವಿತ್ತು.

ಎರಡನೆಯ ಅರ್ಧದಲ್ಲಿ ಹಳದಿಯವರು ಮೇಲೆ ಮೇಲೆ ಬಿದ್ದರು. ಚೆಂಡು ಗೋಲಿನ ಕಡೆಯೇ. ಕೆಲೆಪಿ ಬೂಟು ನೋಡುತ್ತ ನಿಂತ. ಧಪ್. ಧಪ್. ಡಬ್ಬದ ಸದ್ದು. ಆಮೇಲೆ ಒಂದು ಕಾರ್ನರ್, ಮತ್ತೆ ಧಪ್, ಅದರ ಹಿಂದೆಯೇ ಒಂದು ಕೂಗು. ಡಬ್ಬಗಳು ಒಮ್ಮೆಲೇ ನಿಂತವು. ಕೂಗಿದ್ದು ಯಾರೆಂದು ಅವನಿಗೆ ತಿಳಿಯಿತು, ಆದರೂ ತಲೆ ಎತ್ತಲಿಲ್ಲ. ಎತ್ತಿದರೆ ಏನು ಕಾಣುತ್ತದೋ, ಅವಳು ಹೇಗೆ ಬಿದ್ದಿದ್ದಾಳೋ.

ಮೈದಾನದ ಡಾಕ್ಟರಮ್ಮ ಸುವಾದವಳೇ, ಇಂಡಿಯಾ ಮೂಲದವರ ಪೈಕಿ. ಅವಳಿಗೆ ಇವರ ಕಟ್ಟಳೆ ಏನು ಗೊತ್ತು? ಪಿಸಿಲಾಳ ಪ್ಯಾಂಟು ಮೇಲೆತ್ತಿ ನೋಡಿದವಳು ಉರಿದುಕೊಂಡು ನೇರ ಕೆಲೆಪಿಯ ಹತ್ತಿರ ಬಂದಳು.

"ಕೋಚ್ ನೀನೇನಾ? ಮನುಷ್ಯನಾ ನೀನು? ಆ ಹೆಂಗಸಿನ ತೊಡೆ ಮೂರು ದಿನದಿಂದ ಹರಿದು ಕೂತಿದೆ. ರಕ್ತ ಕಟ್ಟಿ ಕಪ್ಪಾಗಿದೆ. ಹೊದಿಕೆ ಸುತ್ತಿ ಆಡಿಸ್ತಿದೀಯಲ್ಲ, ಕಣ್ಣಿಲ್ವಾ ನಿಂಗೆ?"

ಬೆಂಚಿನಲ್ಲಿದ್ದ ಹುಡುಗಿಯರೆಲ್ಲ ನೆಲ ನೋಡಿದರು. ಟೋಕಿ ಕಿವಿ ಮುಚ್ಚಿಕೊಂಡಳು. ಬೇರೆ ಯಾವಳೇ ಆಗಲಿ, ಯಾವನೇ ಆಗಲಿ, ಇಷ್ಟು ಅಂದಿದ್ದರೆ ಕೆಲೆಪಿ ಏನು ಮಾಡುತ್ತಿದ್ದನೋ.

"ಏನಾಗುತ್ತೆ?" ಎಂದ.

"ಇನ್ನೊಂದು ಸಲ ಹಾರಿದ್ರೆ ಅವಳು ನೆಟ್ಟಗೆ ನಡೀತಾಳೆ ಅಂತ ನಾನು ಹೇಳಲ್ಲ. ಹೊರಗೆ ಕರಿ."

ಆಗ ಅವನು ಗೋಲಿನ ಕಡೆ ನೋಡಿದ. ಪಿಸಿಲಾ ಎದ್ದು ನಿಂತಿದ್ದಳು, ಒಂದು ಕೈಯಲ್ಲಿ ಕಂಬ ಹಿಡಿದು. ಒಂದು ಕಾಲು ನೆಲಕ್ಕೆ ಬರೇ ತಾಗಿತ್ತು, ಊರಿರಲಿಲ್ಲ. ಮುಖ ಬೂದಿ ಬಣ್ಣ. ಅವಳ ತಲೆಯಲ್ಲಿ ನರೆ ಬಂದಿದೆ ಎಂದು ಅವನಿಗೆ ಗೊತ್ತಿರಲಿಲ್ಲ.

ಟೋಕಿಯನ್ನು ಎಬ್ಬಿಸಿದ. ಬದಲಿಯ ಫಲಕ ಎತ್ತಿಸಿದ. ಒಂದನೇ ನಂಬರ್ ಹೊರಗೆ. ಪಿಸಿಲಾ ಫಲಕ ನೋಡಿದಳು, ಮುಖ ಬೇರೆ ಕಡೆ ತಿರುಗಿಸಿದಳು.

ಲೋಸೆ ಓಡಿ ಬಂದಳು. "ಬರಲ್ವಂತೆ ಅಣ್ಣ."

"ಬರಲೇಬೇಕು ಅಂತ ಹೇಳು."

"ನಾನು ಹೇಳ್ದೆ. 'ಯಾರು ಯಾರಿಗೆ ಹೇಳ್ತಿರೋದು' ಅಂತ ಕೇಳಿದ್ರು."

ತಂಗಿಗೆ ಅಪ್ಪಣೆ ಕೊಡುವ ಅಣ್ಣ ಆ ನಾಡಿನಲ್ಲಿ ಹುಟ್ಟಿಲ್ಲ. ರೆಫರಿ ಗಡಿಯಾರ ತೋರಿಸಿದ. ಹೊರಗೆ ಬರಲೊಲ್ಲೆ ಎಂದವಳನ್ನು ಎಳೆದು ಹಾಕುವ ನಿಯಮ ಅವನ ಪುಸ್ತಕದಲ್ಲೂ ಇಲ್ಲ, ಆಟ ಮುಂದುವರಿಯಬೇಕು ಅಷ್ಟೆ. ಪೀಪಿ ಬಾಯಿಗಿಟ್ಟ.

ಕೆಲೆಪಿ ಗೆರೆ ದಾಟಿದ. ರೆಫರಿ ಏನೋ ಕೂಗಿದ, ಅವನ ಕಿವಿಗೆ ಬೀಳಲಿಲ್ಲ. ಅಷ್ಟು ದೂರ ನಡೆದು ಗೋಲಿನ ಮುಂದೆ ಹೋಗಿ, ಹಸಿ ಹುಲ್ಲಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ತಲೆ ಬಗ್ಗಿಸಿದ. ಸಾವಿನ ಮನೆಯಲ್ಲಿ, ಮದುವೆಯಲ್ಲಿ ಕುಲದ ಹೆಣ್ಣಿನ ಮುಂದೆ ಕೂರುವ ಹಾಗೆ. ಗೋಲಿನ ಹಿಂದಿನ ಜನ ಡಬ್ಬ ಕೆಳಗಿಟ್ಟರು.

"ಏಳು," ಎಂದಳು ಪಿಸಿಲಾ. ಎಷ್ಟೋ ವರ್ಷಗಳ ಮೇಲೆ ಅವನಿಗೇ ಆಡಿದ ಮಾತು. "ಜನ ನೋಡ್ತಿದಾರೆ."

"ನೋಡ್ಲಿ."

"ಎದ್ದು ಹೋಗೋ! ಇನ್ನು ಇಪ್ಪತ್ತು ನಿಮಿಷ ಇದೆ ಅಷ್ಟೆ. ನಾನು ನಿಂತ್ಕೋತೀನಿ."

"ನಾನು ಹೇಳ್ತಿಲ್ಲ ಪಿಸಿಲಾ. ಕೇಳ್ಕೋತಿದೀನಿ."

"ನಾನು ಹೋದ್ರೆ ಸೋಲ್ತೀವಿ. ಟೋಕಿ ಕೈಲಿ ಆಗಲ್ಲ, ನಿಂಗೂ ಗೊತ್ತು."

"ಗೊತ್ತು. ಸೋಲ್ತೀವಿ."

ಪಿಸಿಲಾ ಕೈಗವಸು ಕಿತ್ತು ನೆಲಕ್ಕೆ ಬಡಿದಳು. ಒಂದು ಅವನ ಭುಜಕ್ಕೆ ತಾಗಿತು. ಒಡಹುಟ್ಟಿದವನನ್ನು ಸಾವಿರ ಜನರೆದುರಿಗೆ ನೆಲದ ಮೇಲೆ ಕೂರಿಸಿಕೊಂಡು ನಿಲ್ಲುವುದು ಯಾವ ಹೆಣ್ಣಿಗೂ ಆಗದ ಮಾತು. ಲೋಸೆಯ ಹೆಗಲು ಹಿಡಿದು ಹೊರಟಳು. ಸ್ಟ್ರೆಚರ್ ತಂದವರನ್ನು ಬೈದು ಕಳಿಸಿದಳು. ಕೆಲೆಪಿಗೆ ರೆಫರಿ ಕೈ ಚಾಚಿ ದಾರಿ ತೋರಿಸಿದ. ಅಂಚಿನಲ್ಲಿ ನಿಲ್ಲುವ ಹಕ್ಕೂ ಹೋಯಿತು.

ಟೋಕಿ ಪಾಪ ಹನ್ನೆರಡು ನಿಮಿಷ ತಡೆದಳು. ಆಮೇಲೆ ಒಂದು ಹೋಯಿತು. ಕೊನೆ ಗಳಿಗೆಯಲ್ಲಿ ಇನ್ನೊಂದು, ಅವಳ ಎರಡು ಕೈಯ ನಡುವೆಯೇ. ಹಳದಿ ಅಂಗಿಯವರು ಒಬ್ಬರ ಮೇಲೊಬ್ಬರು ಬಿದ್ದು ಕುಣಿದರು.

ಗೇಟಿನ ಹತ್ತಿರ ಕೆಂಪು ಬಾವುಟದ ಜನ ಕೆಲೆಪಿಯನ್ನು ಸುತ್ತುವರಿದರು. "ಬಾಯಿಗೆ ಬಂದ ತುತ್ತು ಕಣಯ್ಯಾ! ನೆಲದ ಮೇಲೆ ಕೂತು ಕಳ್ದುಬಿಟ್ಟೆ" ಎಂದ ಒಬ್ಬ. ಇನ್ನೊಬ್ಬ ಮುದುಕ, ಚರ್ಚಿನ ದೊಡ್ಡವನು, "ಪದಕ ಹಾಳಾಗಿ ಹೋಗ್ಲಿ. ಮನೆ ಹೆಣ್ಣನ್ನ ಪರದೇಶದವರೆದುರಿಗೆ ಅಂಥಾ ಸ್ಥಿತಿಗೆ ತಂದ್ಯಲ್ಲ. ಊರಲ್ಲಿ ಹೇಗೆ ತಲೆ ಎತ್ತುತ್ತಾಳೆ ಅವಳು?" ಎಂದ. ಕೆಲೆಪಿಯ ಮುಷ್ಟಿ ಕಟ್ಟಿತು, ಬಿಚ್ಚಿತು. ಮುದುಕ ಹೇಳಿದ್ದು ಯಾವ ದಿನದ ಮಾತು? ಇವತ್ತಿನದೋ, ತಾನು ನೋಡದೆ ಬಿಟ್ಟ ಶುಕ್ರವಾರದ್ದೋ? ಶುಕ್ರವಾರದ್ದಾದರೆ ಸರಿಯಾಗೇ ಇದೆ ಎಂದು ಅನ್ನಿಸಿತು. ದಾರಿ ಮಾಡಿಕೊಂಡು ನಡೆದ.

ಮಾರನೆಯ ಬೆಳಿಗ್ಗೆ ಆಸ್ಪತ್ರೆಗೆ ಹೋದ. ಲೋಸೆ ಹೊರಗೆ ಬೆಂಚಿನಲ್ಲಿ ಕೂತಿದ್ದಳು, ಅತ್ತು ಕಣ್ಣು ಊದಿತ್ತು.

"ಅಣ್ಣಾ, ತಪ್ಪು ನಂದು. ಶನಿವಾರ ನಾನು ಹೇಳ್ಬೇಕಿತ್ತು."

"ನೀನು ಹೇಳಿದ್ರೆ ನಾನು ಕೇಳ್ತಿದ್ನೇನೆ? ನಿನ್ನ ಕೆನ್ನೆಗೆ ಬಿಗೀತಿದ್ದೆ. ಡಾಕ್ಟರು ಏನಂದ್ರು?"

"ನಡೀತಾರಂತೆ. ಕೋಲು ಹಿಡಿದು ಮೊದಲು, ಆಮೇಲೆ ಹಾಗೇ. ಆಟ... ಆಟದ ಮಾತು ಅವರು ಆಡಲಿಲ್ಲ." ಅವಳು ಎದ್ದಳು. "ಬನ್ನಿ, ಏನು ಹೇಳ್ಬೇಕು ಹೇಳಿ, ನಾನು ಒಳಗೆ ಹೋಗಿ ಹೇಳ್ತೀನಿ."

"ನೀನು ಇಲ್ಲೇ ಇರು."

ಬಾಗಿಲು ತಳ್ಳಿ ಒಳಗೆ ಹೋದ. ಪಿಸಿಲಾ ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡು ಗೋಡೆಗೆ ಮುಖ ಮಾಡಿದಳು. ಕುರ್ಚಿ ಇತ್ತು. ಅವನು ಬಾಗಿಲ ಹತ್ತಿರ ನೆಲದ ಮೇಲೇ ಕೂತ. ಏನು ಕೇಳುವುದು, ಹೇಗೆ ಕೇಳುವುದು? ಅಭ್ಯಾಸವಿಲ್ಲದ ಬಾಯಿ.

"ತುಂಬಾ ನೋವಿದೆಯಾ?" ಎಂದ.

ಅವಳು ಗೋಡೆಗೇ ಮಾತಾಡಿದಳು.

"ಈಗ ಕೇಳ್ತೀಯ."

"ಹೂಂ."

"ಶುಕ್ರವಾರ ನಾನು ನಿನ್ನ ಮುಂದೇನೇ ಕುಂಟಿಕೊಂಡು ಹೋದೆ. ಬಸ್ ಹತ್ತೋಕಾಗದೆ ಇಬ್ಬರು ನನ್ನ ಎತ್ತಿದ್ರು. ಬಾಗಿಲಲ್ಲೇ ನಿಂತಿದ್ದೆ ನೀನು. ಒಂದು ಸಲ ನೋಡಿದ್ರೆ ಸಾಕಿತ್ತು. ನೋಡಿದ್ರೆ ಆವತ್ತೇ ಕೂತ್ಕೋತಿದ್ದೆ ನಾನು."

"ಆವತ್ತು ಕೂತ್ಕೋತಿದ್ಯಾ?"

"ಇಲ್ಲ," ಎಂದಳು ಪಿಸಿಲಾ. "ಗೊತ್ತಿಲ್ಲ. ನನ್ನ ಆಟ ನೀನು ಒಂದು ದಿನಾನೂ ನೋಡ್ಲಿಲ್ಲ. ನಾಲ್ಕು ತಿಂಗಳು. ನಾನು ಹ್ಯಾಗೆ ಹಿಡೀತಿದ್ದೆ ಅಂತ ಯಾರಾದ್ರೂ ಕೇಳಿದ್ರೆ ನೀನು ಏನು ಹೇಳ್ತೀಯ? ಹೊರಗೆ ಕಳ್ಸೋಕೆ ಮಾತ್ರ ಕಣ್ಣು ಬಂತು ನಿಂಗೆ."

ಅವನಿಗೆ ಕೋಪ ಬರಲಿಲ್ಲ. ಬಂದಿದ್ದರೆ ಹಗುರಾಗುತ್ತಿತ್ತು. ಅತ್ತೆ ಹಾಗೆ ಹೇಳಿದಳು, ಹಿಂದಿನಿಂದ ಬಂದದ್ದು ಹಾಗೆ, ಎಂದು ಹೇಳಬಹುದಿತ್ತು.

"ಹೇಳು," ಎಂದ. "ಹ್ಯಾಗೆ ಹಿಡೀತಿದ್ದೆ?"

ಪಿಸಿಲಾ ತಿರುಗಿದಳು. ತಮಾಷೆಗೆ ಕೇಳುತ್ತಿದ್ದಾನೇನೋ ಎಂದು ಅವನ ಮುಖ ನೋಡಿದಳು. ಆಮೇಲೆ ಬೈಯುವ ದನಿಯಲ್ಲೇ ಶುರು ಮಾಡಿದಳು. ಮೊದಲ ಪಂದ್ಯದಲ್ಲಿ ಎಡಗಡೆ ಮೂಲೆಗೆ ಬಂದ ಚೆಂಡು, ಎರಡನೆಯದರಲ್ಲಿ ಕೆಸರಿನಿಂದ ಜಾರಿ ಬಂದದ್ದು, ಕೊನೆಯ ಕಾರ್ನರ್. ಪ್ರತಿಯೊಂದನ್ನೂ ಹೇಳುವಾಗ ಹೊದಿಕೆಯಿಂದ ಕೈ ಹೊರಗೆ ಬರುತ್ತಿತ್ತು. ಕೆಲೆಪಿ ಕೇಳುತ್ತ ಕೂತ. ಹೊರಗಿನಿಂದ ಲೋಸೆ ಎರಡು ಸಲ ಬಾಗಿಲು ತಟ್ಟಿದಳು, ವಿಮಾನಕ್ಕೆ ಹೊತ್ತಾಯಿತು ಎಂದಳು. ಇಬ್ಬರೂ ಓಗೊಡಲಿಲ್ಲ.